ಇದರ ಹಿಂದೆ ಯಾರಿದ್ದಾರೆ ಮೇಷ್ಟ್ರೇ?

ದಾವಣಗೆರೆಯಲ್ಲಿ ಸಂಜೆ ಹೊತ್ತು ಮಂಡಕ್ಕಿ ಅಂಗಡಿ ಮುಂದೆ ನಿಂತರೆ ಜಗತ್ತಿನ ಸುದ್ದಿಯೆಲ್ಲ ಕಿವಿಗೆ ಬೀಳುತ್ತದೆ. ಯಾವುದೋ ದೇಶದಲ್ಲಿ ಸರ್ಕಾರ ಉರುಳಿತು, ಅಧ್ಯಕ್ಷ ಓಡಿಹೋದ ಅಂತ ಟಿವಿಯಲ್ಲಿ ಬಂದ ದಿನವಂತೂ ನನಗೆ ಬಿಡುಗಡೆಯೇ ಇಲ್ಲ. ಅಷ್ಟು ವರ್ಷ ಇತಿಹಾಸ ಪಾಠ ಮಾಡಿದ ತಪ್ಪಿಗೆ, ಮಿರ್ಚಿ ಬಾಯಿಗಿಡುವ ಮೊದಲೇ ಯಾರಾದರೂ ಕೇಳುತ್ತಾರೆ: "ಮೇಷ್ಟ್ರೇ, ಇದರ ಹಿಂದೆ ಯಾರಿದ್ದಾರೆ? ಅಮೆರಿಕಾನೇ ಅಲ್ವಾ?"

ಹೌದು ಅಂದರೆ ಒಬ್ಬರಿಗೆ ಖುಷಿ, ಅಲ್ಲ ಅಂದರೆ ಇನ್ನೊಬ್ಬರಿಗೆ. ನನ್ನ ಉತ್ತರ ಒಂದು ಪ್ಲೇಟ್ ಮಂಡಕ್ಕಿಯಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ದೇಶಗಳು ಬೇರೆಯವರ ಸರ್ಕಾರ ಬೀಳಿಸಿದ್ದು ನಿಜ. ಬುರುಡೆಯಲ್ಲ, ಅವರದೇ ಕಡತಗಳಲ್ಲಿದೆ. ಆದರೆ ಕಪ್ಪು ಕನ್ನಡಕದ ಗೂಢಚಾರ ವಿಮಾನ ಇಳಿದು ಬಂದು ಎಲ್ಲವನ್ನೂ ಒಬ್ಬನೇ ಮಾಡಿ ಹೋಗುವುದಿಲ್ಲ. ಊರಲ್ಲಿ ಮೊದಲೇ ಸಿಟ್ಟಿರಬೇಕು. ಊರಿನವರೇ ಕೈ ಹಾಕಬೇಕು. ಹೊರಗಿನವನು ಆ ಸಿಟ್ಟಿಗೆ ದುಡ್ಡು ಸುರಿಯುತ್ತಾನೆ, ಫಸಲು ಬಂದಾಗ ಕೊಯ್ದುಕೊಂಡು ಹೋಗುತ್ತಾನೆ.

ಇರಾನನ್ನೇ ನೋಡಿ. 1951ರಲ್ಲಿ ಅಲ್ಲಿನ ಎಣ್ಣೆ ರಾಷ್ಟ್ರೀಕರಣ ಆಯಿತು, ಅದರ ಮುಂದಾಳು ಮೊಹಮ್ಮದ್ ಮೊಸಾದೆಗ್ ಪ್ರಧಾನಿಯಾದರು. ಅಲ್ಲಿಯವರೆಗೆ ಎಣ್ಣೆ ಇದ್ದದ್ದು ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿ ಕೈಯಲ್ಲಿ, ಅದರ ದೊಡ್ಡ ಪಾಲುದಾರ ಬ್ರಿಟಿಷ್ ಸರ್ಕಾರ. ಇರಾನಿನ ಎಣ್ಣೆಯನ್ನು ಯಾರೂ ಕೊಳ್ಳದ ಹಾಗೆ ಬ್ರಿಟನ್ ಅಡ್ಡ ಹಾಕಿತು. ಎರಡು ವರ್ಷದಲ್ಲಿ ಖಜಾನೆ ಒಣಗಿತು, ಜೊತೆಗಿದ್ದ ಕೆಲವು ಧರ್ಮಗುರುಗಳೂ ದೂರ ಸರಿದರು. 1953ರ ಆಗಸ್ಟ್ ಹೊತ್ತಿಗೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಕಡೆಯಿಂದ ಕರ್ಮಿಟ್ ರೂಸ್‌ವೆಲ್ಟ್ ಟೆಹರಾನ್‌ನಲ್ಲಿ ಕೂತಿದ್ದ. ಹಳೇ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರ ಮೊಮ್ಮಗ.

ಮೊದಲ ಪ್ರಯತ್ನ ಮಕಾಡೆ ಮಲಗಿತು. ಷಾ, ಅಂದರೆ ಇರಾನಿನ ದೊರೆ, ಸಹಿ ಹಾಕಿದ ವಜಾ ಆದೇಶ ಹಿಡಿದು ರಾತ್ರಿ ಮೊಸಾದೆಗ್ ಮನೆಗೆ ಹೋದ ಕರ್ನಲ್‌ನನ್ನೇ ಹಿಡಿದು ಹಾಕಿದರು. ಷಾ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಪರಾರಿ. ಆಗಸ್ಟ್ 19ರಂದು ಮಾತ್ರ ಬಜಾರಿನ ಕಡೆಯಿಂದ ಮೊಸಾದೆಗ್ ವಿರುದ್ಧ ಒಂದು ಗುಂಪು ಹೊರಟಿತು. ಅದರಲ್ಲಿ ಯಾರಿದ್ದರು ಗೊತ್ತಾ? ಪೈಲ್ವಾನರು!

ನಮ್ಮೂರಲ್ಲಿ ಗರಡಿ ಮನೆ ಇರುವ ಹಾಗೆ ಅಲ್ಲಿ 'ಜೂರ್‌ಖಾನೆ'. ಜೂರ್ ಅಂದರೆ ನಮ್ಮ ಜೋರು. ಖಾನೆ ಅಂದರೆ ದವಾಖಾನೆ, ಕಾರ್ಖಾನೆಯಲ್ಲಿರುವ ಅದೇ ಖಾನೆ. ಪೈಲ್ವಾನ ಅನ್ನುವ ಮಾತೂ ಪಾರಸಿಯಿಂದ ನಮಗೆ ಬಂದದ್ದು. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಗರಡಿ ಬಾಗಿಲಲ್ಲಿ ನಿಂತು ಸಾಮು ತೆಗೆಯುವುದನ್ನು ನೋಡುತ್ತಿದ್ದೆ. ಕೆಮ್ಮಣ್ಣಿನ ವಾಸನೆ, ಮೈಮೇಲೆ ಹೊಳೆಯುವ ಎಣ್ಣೆ. ಎಲೆಕ್ಷನ್ ಬಂದರೆ ಆ ಪೈಲ್ವಾನರಿಗೆ ಕರೆ ಬರುತ್ತಿತ್ತು. ಹೊಡೆಯೋದು ಬಡಿಯೋದು ಏನೂ ಬೇಡ, ಮೆರವಣಿಗೆ ಮುಂದೆ ಸುಮ್ನೆ ನಡೆದರೆ ಸಾಕು. ಹಿಂದೆ ಜನ ತಾನಾಗಿ ಸೇರುತ್ತಿದ್ದರು. ಟೆಹರಾನಿನ ಕಥೆ ಓದಿದಾಗ ನನಗೆ ನೆನಪಾದದ್ದು ಆ ನಡಿಗೆಯೇ.

ಆ ದಿನದ ಗುಂಪಿನಲ್ಲಿ ದುಡ್ಡು ತಗೊಂಡವರು ಎಷ್ಟು, ತಾವಾಗಿ ಬಂದವರು ಎಷ್ಟು ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ. ಎರಡೂ ಇದ್ದವು ಅನ್ನೋದು ನನ್ನ ಲೆಕ್ಕ. ಸಂಜೆಯೊಳಗೆ ಮೊಸಾದೆಗ್ ಸರ್ಕಾರ ಇರಲಿಲ್ಲ. ಅವರು ಮೂರು ವರ್ಷ ಜೈಲಿನಲ್ಲಿದ್ದರು, ಆಮೇಲೆ 1967ರಲ್ಲಿ ಸಾಯುವವರೆಗೂ ಗೃಹಬಂಧನ. ಫಸಲು? 1954ರ ಹೊಸ ಒಪ್ಪಂದದಲ್ಲಿ ಅಮೆರಿಕದ ಕಂಪನಿಗಳಿಗೆ 40 ಪರ್ಸೆಂಟ್, ಹಳೇ ಬ್ರಿಟಿಷ್ ಕಂಪನಿಗೆ 40 ಪರ್ಸೆಂಟ್. ಮೊದಲು ಅಮೆರಿಕದ್ದು ಅಲ್ಲಿ ಏನೂ ಇರಲಿಲ್ಲ.

ಮಧ್ಯ ಅಮೆರಿಕದ ಪುಟ್ಟ ದೇಶ ಗ್ವಾಟೆಮಾಲಾದ ಕಥೆ ನಮ್ಮ ಚಿಕ್ಕಪ್ಪನ ಕಥೆಯೂ ಹೌದು. ಚಿಕ್ಕಪ್ಪ ಹರಿಹರದ ಕಡೆ ಹೊಲ ಕೊಂಡಾಗ ಸ್ಟಾಂಪ್ ಖರ್ಚು ಉಳಿಸಲು ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸಿದ್ದರು. ಎಲ್ಲರೂ ಬರೆಸುತ್ತಾರೆ ಬಿಡಿ. ಆಮೇಲೆ ರಸ್ತೆಗೆ ಹೊಲ ಹೋಯಿತು, ಪರಿಹಾರಕ್ಕೆ ಅಧಿಕಾರಿ ಅದೇ ಕಾಗದ ಮುಂದಿಟ್ಟ. ಚಿಕ್ಕಪ್ಪ ಒಂದು ವಾರ ಊಟ ಬಿಟ್ಟರು.

1952ರಲ್ಲಿ ಗ್ವಾಟೆಮಾಲಾದ ಅಧ್ಯಕ್ಷ ಹಕೋಬೋ ಆರ್ಬೆನ್ಸ್ ಭೂಸುಧಾರಣೆ ಕಾನೂನು ತಂದರು. ಬೀಳುಬಿಟ್ಟ ಜಮೀನನ್ನು ರೈತರಿಗೆ ಹಂಚುವುದು, ಮಾಲೀಕ ತೆರಿಗೆಗೆ ಎಷ್ಟು ಬೆಲೆ ತೋರಿಸಿದ್ದಾನೋ ಅಷ್ಟೇ ಪರಿಹಾರ. ಅಲ್ಲಿ ದೊಡ್ಡ ಜಮೀನ್ದಾರ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ, ಬಾಳೆಹಣ್ಣಿನ ವ್ಯಾಪಾರ. ಕಂಪನಿಯೇ ಬರೆಸಿದ್ದ ಬೆಲೆಯ ಪ್ರಕಾರ ಸರ್ಕಾರ ಸುಮಾರು 6.27 ಲಕ್ಷ ಡಾಲರ್ ಕೊಡುತ್ತೇನೆ ಎಂದಿತು. ಕಂಪನಿ ಪರವಾಗಿ ಅಮೆರಿಕ ಸರ್ಕಾರವೇ ಕೇಳಿದ್ದು ಸುಮಾರು 1.58 ಕೋಟಿ! ಚಿಕ್ಕಪ್ಪನಿಗೆ ಸಿಐಎ ಇರಲಿಲ್ಲ, ಆ ಕಂಪನಿಗೆ ಇತ್ತು. ಆಗಿನ ವಿದೇಶಾಂಗ ಸಚಿವ ಮತ್ತು ಸಿಐಎ ಮುಖ್ಯಸ್ಥ, ಇಬ್ಬರೂ ಅಣ್ಣತಮ್ಮಂದಿರು, ಡಲ್ಲೆಸ್ ಸಹೋದರರು. ಇಬ್ಬರೂ ಹಿಂದೆ ಆ ಕಂಪನಿಯ ಕೆಲಸ ನೋಡುತ್ತಿದ್ದ ವಕೀಲಿ ಸಂಸ್ಥೆಯಲ್ಲಿದ್ದವರು. ಕಮ್ಯುನಿಸಂ ಭಯವೂ ಇತ್ತು, ಸುಳ್ಳಲ್ಲ. ಆದರೆ ನನಗೆ ಆ ಎರಡು ಅಂಕಿಗಳೇ ಜಾಸ್ತಿ ಮಾತಾಡುತ್ತವೆ. 1954ರ ಜೂನ್‌ನಲ್ಲಿ ಆರ್ಬೆನ್ಸ್ ಕುರ್ಚಿ ಬಿಟ್ಟರು. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ, ಸುಮಾರು ಎರಡು ಲಕ್ಷ ಜನ ಸತ್ತರು.

"ರಷ್ಯಾದವರು ಸಾಚಾನಾ?" ಅಂತ ಇನ್ನೊಬ್ಬರು ಕೇಳುತ್ತಾರೆ. ಎಲ್ಲಿ ಸಾಚಾ! 1968ರ ಆಗಸ್ಟ್‌ನಲ್ಲಿ ಚೆಕೊಸ್ಲೊವಾಕಿಯಾಕ್ಕೆ ಟ್ಯಾಂಕ್ ನುಗ್ಗಿಸಿ, "ಅವರೇ ಕರೆದರು" ಅಂದರು. ಅದೂ ಪೂರ್ತಿ ಸುಳ್ಳಲ್ಲ. ಅಲ್ಲಿನ ಪಕ್ಷದ ಐವರು ಕರೆದು ಬರೆದ ಗುಟ್ಟಿನ ಪತ್ರ ಬ್ರಾಟಿಸ್ಲಾವಾದಲ್ಲಿ ಒಂದು ಶೌಚಾಲಯದಲ್ಲಿ ಕೈ ಬದಲಾಗಿತ್ತು. ಅದು ಹೊರಬಿದ್ದದ್ದು 1992ರಲ್ಲಿ.

ದುರ್ಗದ ಪಕ್ಕದವನು, ಈಗ ಓಬವ್ವನ ಕಿಂಡಿ ಕಥೆ ತೆಗೆಯುತ್ತಾನೆ ಅಂದುಕೊಂಡಿರಬಹುದು. ಇಲ್ಲ. ನಾನು ಹೇಳುವುದು ಹೊನ್ನಾಳಿ ಕಥೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಗದ್ದುಗೆ ಮೇಲೆ ಕೂರಿಸಿದರು. ಪಕ್ಕದಲ್ಲಿ ಒಬ್ಬ ರೆಸಿಡೆಂಟ್, ಅಂದರೆ ಇಂಗ್ಲಿಷರ ಪ್ರತಿನಿಧಿ. ವರ್ಷಕ್ಕೆ 7 ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಕಪ್ಪ. ಕರಾರಿನಲ್ಲಿ ಒಂದು ಸಾಲೂ ಇತ್ತು: ಆ ದುಡ್ಡಿಗೆ ತೊಂದರೆ ಅನ್ನಿಸಿದರೆ ಆಡಳಿತ ನಾವೇ ತಗೊಳ್ಳಬಹುದು. 1830ರಲ್ಲಿ ಕಂದಾಯ ಹಿಂಡುವವರ ಕಾಟ ತಡೆಯಲಾರದೆ ನಗರ ಸೀಮೆಯ ರೈತರು ಕೂಟ ಸೇರಿದರು. ನಗರ ದಂಗೆ ಅನ್ನೋದು ಅದನ್ನೇ. ಚನ್ನಗಿರಿ, ಹೊನ್ನಾಳಿ ಕಡೆಯೆಲ್ಲ ಹಬ್ಬಿತು. ದಂಗೆ ಅಡಗಿಸಲು ಇಂಗ್ಲಿಷರ ಪಡೆಯೂ ಬಂತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಕರಾರು ತೆಗೆದು ತೋರಿಸಿ ಇಡೀ ಸಂಸ್ಥಾನವನ್ನೇ ತಗೊಂಡ. ವಾಪಸ್ ಕೊಟ್ಟದ್ದು 1881ರಲ್ಲಿ, ಐವತ್ತು ವರ್ಷ ಬಿಟ್ಟು.

ಆ ರೈತರೇನು ಇಂಗ್ಲಿಷರ ಏಜೆಂಟರಾ? ಅಲ್ಲವೇ ಅಲ್ಲ. ಅವರ ಹೊಟ್ಟೆಯ ಸಂಕಟ ಅವರದು. ಲಾಭ ಇನ್ಯಾರಿಗೋ ಆಯಿತು, ಅಷ್ಟೇ. ಅದಕ್ಕೇ ಬೀದಿಗಿಳಿದವರನ್ನೆಲ್ಲ "ವಿದೇಶಿ ಕೈವಾಡ" ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ದೇಶದ ಮಾತೂ ಬರುತ್ತದೆ, ಆಗ ಎಲ್ಲರ ದನಿ ಸ್ವಲ್ಪ ಸಣ್ಣದಾಗುತ್ತದೆ. 2015ರಲ್ಲಿ ನೇಪಾಳ ಹೊಸ ಸಂವಿಧಾನ ತಂದಾಗ ಗಡಿಯಲ್ಲಿ ಪೆಟ್ರೋಲ್ ಲಾರಿಗಳು ನಿಂತವು. ಅದು ಅಲ್ಲಿನ ತಗ್ಗು ಬಯಲಿನ ಮಧೇಶಿ ಜನರ ಪ್ರತಿಭಟನೆ ಅಂತ ನಾವು, ಭಾರತದ ದಿಗ್ಬಂಧನ ಅಂತ ಅವರು. ಗ್ಯಾಸ್ ಸಿಗದೆ ಸೌದೆ ಒಲೆ ಹಚ್ಚಿದವರ ಹತ್ತಿರ ನಮ್ಮ ವಾದ ನಡೆಯುವುದು ಕಷ್ಟ.

ಮೊನ್ನೆ ಇಷ್ಟೆಲ್ಲ ಕೇಳಿದ ಮೇಲೂ ಬಟ್ಟೆ ಅಂಗಡಿಯ ನಮ್ಮ ಹಿರಿಯರು ಬಿಡಲಿಲ್ಲ. "ಅದಿರಲಿ ಮೇಷ್ಟ್ರೇ, ಈ ಸಲದ್ದು ಯಾರದು ಹೇಳ್ರಿ."

"ಇರಾನಿನಲ್ಲಿ ನಮ್ಮ ಕೈ ಇತ್ತು ಅಂತ ಸಿಐಎ ಕಾಗದದಲ್ಲಿ ಒಪ್ಪಿಕೊಂಡದ್ದು 2013ರಲ್ಲಿ, ಅರವತ್ತು ವರ್ಷ ಆದಮೇಲೆ. ಸ್ವಲ್ಪ ಕಾಯಿರಿ" ಅಂದೆ.

"ನನಗೀಗಲೇ ಎಪ್ಪತ್ನಾಲ್ಕು" ಅಂದವರೇ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದರು.