ಕಾಮಶೇತ ಗುಡ್ಡಕ್ಕೆ ಗ್ಲೈಡರ್ ಒಯ್ಯುವವರಿಗೆ

ಎಂಜಿನ್ನಿಲ್ಲದ ಪುಟ್ಟ ಮಾದರಿ ಗ್ಲೈಡರನ್ನು ಗುಡ್ಡಕ್ಕೆ ಬಡಿದು ಮೇಲೇರುವ ಗಾಳಿಯಲ್ಲಿ ರಿಮೋಟಿನಿಂದ ಹಾರಿಸಲು ಪುಣೆ–ಲೋಣಾವಳ ನಡುವಿನ ಕಾಮಶೇತಕ್ಕೆ ಹೊರಟವರಿಗೆ ಈ ಮಾತು. ಬೆಂಗಳೂರಿನಿಂದ ಮುಂಬೈಗೆ ಹೋಗುವ ಬಸ್ಸು ಕಾಮಶೇತ ಸುರಂಗದೊಳಗಿಂದಲೇ ಹಾದುಹೋಗುತ್ತದೆ, ಆದರೆ ಅಲ್ಲಿ ಇಳಿಯಲಾಗುವುದಿಲ್ಲ. ಸುರಂಗ ಇರುವುದು ಎಕ್ಸ್‌ಪ್ರೆಸ್‌ವೇಯಲ್ಲಿ, ಊರು ಇರುವುದು ಹಳೇ ಮುಂಬೈ–ಪುಣೆ ಹೆದ್ದಾರಿಯಲ್ಲಿ. 'ಕಾಮಶೇತ ದಾಟಿಯೇ ಹೋಗ್ತದೆ ಸಾರ್, ಡ್ರೈವರಿಗೆ ಹೇಳಿದ್ರೆ ಆಯ್ತು' ಎಂಬ ಏಜೆಂಟನ ಮಾತು ನಂಬಿದರೆ ಲೋಣಾವಳದವರೆಗೂ ಹೋಗಿ, ಪೆಟ್ಟಿಗೆ ಹೊತ್ತು ವಾಪಸು ಬರಬೇಕು. ಬಸ್ಸೇ ಆಗಬೇಕೆಂದರೆ ಪುಣೆಯ ಅಂಚಿನ ವಾಕಡ್‌ನಲ್ಲಿ ಇಳಿದು, ಆಟೋದಲ್ಲಿ ಚಿಂಚವಡ ಸ್ಟೇಷನ್ನಿಗೆ ಹೋಗಿ ಲೋಣಾವಳ ಲೋಕಲ್ ಹಿಡಿಯಿರಿ.

ಆದರೂ ಬಸ್ಸು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಡಿಕ್ಕಿ. ಎಂಜಿನ್ನಿನ ಪಕ್ಕದ ಡಿಕ್ಕಿ ರಾತ್ರಿಯಿಡೀ ಕಾದಿರುತ್ತದೆ, ಪೆಟ್ಟಿಗೆಯ ಮೇಲೆ ಯಾರದೋ ಸೂಟ್‌ಕೇಸು ಬೇರೆ. ಬೆಳಿಗ್ಗೆ ತೆಗೆದಾಗ ಇಪಿಒ ಫೋಮಿನ ಎಡ ರೆಕ್ಕೆಯ ತುದಿ 4 ಮಿ.ಮೀ.ನಷ್ಟು ತಿರುಚಿಕೊಂಡಿತ್ತು. ಅಷ್ಟು ಸಾಕು, ವಿಮಾನ ವೇಗ ಹಿಡಿದಂತೆಲ್ಲ ಒಂದೇ ಕಡೆಗೆ ವಾಲುತ್ತದೆ. ರಿಮೋಟಿನಲ್ಲಿ ಟ್ರಿಮ್ (ವಾಲುವುದನ್ನು ತಿದ್ದುವ ಸಣ್ಣ ಹೊಂದಾಣಿಕೆ) ಹಾಕಿ ಒಂದು ವೇಗಕ್ಕೆ ಸರಿಮಾಡಿದರೆ ಇನ್ನೊಂದು ವೇಗದಲ್ಲಿ ಮತ್ತೆ ವಾಲುತ್ತದೆ. ರಿಪೇರಿ ಕಷ್ಟವಲ್ಲ. ಲಾಡ್ಜಿನಲ್ಲಿ ಕೈ ಇಡಲಾಗದಷ್ಟು ಬಿಸಿನೀರು ಕೇಳಿ, ಬಟ್ಟೆ ಅದ್ದಿ ತಿರುಚಿದ ಜಾಗಕ್ಕೆ ಒಂದು ನಿಮಿಷ ಶಾಖ ಕೊಡಿ. ಎದುರು ದಿಕ್ಕಿಗೆ ತುಸು ಹೆಚ್ಚೇ ತಿರುಚಿ, ಪೂರ್ತಿ ಆರುವವರೆಗೆ ಹಿಡಿದಿರಿ. ಕುದಿಯುವ ನೀರು ಬೇಡ, ಫೋಮಿನ ಮೇಲೆ ಗುಳ್ಳೆ ಏಳುತ್ತದೆ.

ರೈಲಿನಲ್ಲಿ ಈ ಗೋಳಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಅಪ್ಪರ್ ಬರ್ತ್ ತೆಗೆದುಕೊಂಡು, 90×30×20 ಸೆಂ.ಮೀ. ರಟ್ಟಿನ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟರೆ ಯಾರೂ ಕೇಳುವುದಿಲ್ಲ. ಪುಣೆಯಲ್ಲಿ ಇಳಿದು ಲೋಕಲ್ ಹಿಡಿಯಬೇಕು. ಮಧ್ಯಾಹ್ನದ ಹೊತ್ತು ಲೋಕಲ್‌ಗಳು ತೀರಾ ವಿರಳ, ವೇಳಾಪಟ್ಟಿ ನೋಡದೆ ಹೋದವರು ಪ್ಲಾಟ್‌ಫಾರ್ಮಿನಲ್ಲೇ ಗಾಳಿ ಬೀಸುವ ಹೊತ್ತನ್ನೆಲ್ಲ ಕಳೆಯುತ್ತಾರೆ.

ಉಳಿಯಲು ಪವನಾ ಕೆರೆಯ ದಡದ ಟೆಂಟುಗಳತ್ತ ಹೋಗಬೇಡಿ. ವಾರಾಂತ್ಯದಲ್ಲಿ ತಲೆಗೆ ಇಷ್ಟೆಂದು ಕೇಳುವ ದುಡ್ಡಿಗೆ ಸಿಗುವುದು ಸುಟ್ಟ ಪನೀರು, ರಾತ್ರಿ ಎರಡರವರೆಗೆ ಡಿಜೆ. ಕಾಮಶೇತ ಪೇಟೆಯ ಸಾದಾ ಲಾಡ್ಜೇ ವಾಸಿ, ಪ್ಲಗ್ ಪಾಯಿಂಟ್ ಕೆಲಸ ಮಾಡುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಇಲ್ಲಿ ಮುಖ್ಯವಾಗಿ ಎರಡು ಇಳಿಜಾರು. ಟವರ್ ಹಿಲ್ ಪೂರ್ವಕ್ಕೆ ಮುಖ ಮಾಡಿದೆ. ಚಳಿಗಾಲದ ಬೆಳಗಿನ ಸಣ್ಣ ಗಾಳಿಗೆ ಸರಿ, ಹಗುರ ಮಾದರಿ ಬೇಕು. ಶಿಂದೆವಾಡಿಯ ಮುಖ ಪಶ್ಚಿಮಕ್ಕಿದೆ, ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ನಂತರ ಪಡುವಣ ಗಾಳಿ ನೇರ ಬಂದು ಬಡಿಯುತ್ತದೆ. ಮಳೆಗಾಲದಲ್ಲಿ ಗಾಳಿ ಭರ್ಜರಿ, ಆದರೆ ಮೋಡ ಗುಡ್ಡಕ್ಕೇ ಇಳಿದು ಕೂರುತ್ತದೆ, ಕೈಚಾಚಿದಷ್ಟು ದೂರದ ವಿಮಾನವೂ ಕಾಣುವುದಿಲ್ಲ.

ಈ ಗುಡ್ಡಗಳಲ್ಲಿ ಮೊದಲ ಹಕ್ಕು ಪ್ಯಾರಾಗ್ಲೈಡಿಂಗ್‌ನವರದು. ಹಾರಿಸುವ ಮೊದಲು ಅಲ್ಲಿರುವ ತರಬೇತುದಾರರನ್ನು ಮಾತಾಡಿಸಿ. ಅವರ ಒಂದೇ ಒಂದು ರೆಕ್ಕೆ ಗಾಳಿಯಲ್ಲಿದ್ದರೂ ನಿಮ್ಮದು ಪೆಟ್ಟಿಗೆಯಲ್ಲಿರಲಿ. ಅರ್ಧ ಕಿಲೋ ಫೋಮು ಮನುಷ್ಯನ ಹಗ್ಗಗಳ ನಡುವೆ ಹೊಕ್ಕರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ನಿರಾಶೆಯೇನೂ ಪಡಬೇಕಿಲ್ಲ: ಗಾಳಿ ಗಂಟೆಗೆ 25–30 ಕಿ.ಮೀ. ದಾಟಿದರೆ ಅವರು ರೆಕ್ಕೆ ಮಡಚಿ ಚಹಾ ಕುಡಿಯಲು ಕೂರುತ್ತಾರೆ, ನಮ್ಮ ಆಟ ಶುರುವಾಗುವುದೇ ಆಗ. 'ಇವತ್ತು ಹಾರಾಟ ಇಲ್ಲ' ಎಂಬ ಸುದ್ದಿ ಕೇಳಿ ಲಾಡ್ಜಿನಲ್ಲೇ ಉಳಿಯುವುದು ಇಲ್ಲಿಗೆ ಮೊದಲ ಸಲ ಬರುವವರ ಮಾಮೂಲಿ ತಪ್ಪು. ಡ್ರೋನ್‌ಗಳನ್ನು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲಿದೆಯೇ ಎಂದು ಹೊರಡುವ ದಿನವೇ ನೋಡಿಕೊಳ್ಳಿ. ಲೋಣಾವಳದ ಸುತ್ತ ಸೇನೆಯ ನೆಲೆಗಳಿವೆ, ಅಂದಾಜಿನ ಮೇಲೆ ಹೋಗಬೇಡಿ.

ಮಾದರಿಯ ವಿಷಯ. ಸಹ್ಯಾದ್ರಿಯ ಕಪ್ಪುಕಲ್ಲಿಗೆ ಬಾಲ್ಸಾ ಮರದ ಚೆಂದದ ಗ್ಲೈಡರ್ ತರುವುದು ಹೊಟ್ಟೆಯುರಿಯ ಕೆಲಸ. ಇಪಿಪಿ ಎಂಬ ಬಾಗುವ ಫೋಮಿನ 1,200 ಮಿ.ಮೀ. ಫ್ಲೈಯಿಂಗ್ ವಿಂಗ್ (ಬಾಲವಿಲ್ಲದ, ಬರೀ ರೆಕ್ಕೆಯ ವಿಮಾನ), 500–600 ಗ್ರಾಂ, ಎರಡು ಮೆಟಲ್ ಗೇರ್ ಸರ್ವೋ (ರೆಕ್ಕೆಯ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟಾರು): ಇಷ್ಟು ಸಾಕು. ಪ್ಲಾಸ್ಟಿಕ್ ಗೇರಿನ 9 ಗ್ರಾಂ ಸರ್ವೋ ಎರಡನೇ ಲ್ಯಾಂಡಿಂಗಿಗೇ ಹಲ್ಲು ಉದುರಿಸಿಕೊಳ್ಳುತ್ತದೆ. ಭಾರಕೇಂದ್ರವನ್ನು ಕಿಟ್ಟಿನ ಗುರುತಿಗಿಂತ 5 ಮಿ.ಮೀ. ಮುಂದಿಟ್ಟು ಶುರುಮಾಡಿ. ಎಲಿವಾನ್‌ಗಳು, ಅಂದರೆ ರೆಕ್ಕೆಯ ಹಿಂಬದಿಯ ಅಲ್ಲಾಡುವ ಪಟ್ಟಿಗಳು, ಸ್ಟಿಕ್ ಮುಟ್ಟದಿದ್ದಾಗ 2–3 ಮಿ.ಮೀ. ಮೇಲಕ್ಕಿರಲಿ. ಗಾಳಿ 30 ದಾಟಿದಾಗ 100–150 ಗ್ರಾಂ ಸೀಸ ಸೇರಿಸಬೇಕು, ಅದನ್ನು ಮೂಗಿಗೆ ಅಂಟಿಸುವವರೇ ಹೆಚ್ಚು. ಮೂಗಿಗಲ್ಲ, ಭಾರಕೇಂದ್ರದ ಮೇಲೇ ಕೂರಬೇಕು. ಇಲ್ಲವಾದರೆ ತೂಕದ ಜೊತೆ ಸಮತೋಲನವೂ ಬದಲಾಗಿ, ಎಲಿವಾನ್ ಮೇಲೆತ್ತಿ ಹಿಡಿದೇ ಹಾರಿಸಬೇಕಾಗುತ್ತದೆ.

ಎಸೆಯುವಾಗ ಮೂಗು ದಿಗಂತಕ್ಕಿಂತ ತುಸು ಕೆಳಗಿರಲಿ. ಮೇಲಕ್ಕೆ ಎಸೆದರೆ ವಿಮಾನ ನಿಂತು, ಮಗುಚಿ, ತಲೆಯ ಮೇಲಿಂದ ಹಿಂದಕ್ಕೆ ಹೋಗುತ್ತದೆ. ಇಳಿಸುವ ಹೊತ್ತು ಬಿಟ್ಟರೆ ತಿರುವು ಯಾವಾಗಲೂ ಗುಡ್ಡದಿಂದ ಆಚೆಗೇ. ಶಿಂದೆವಾಡಿಯಲ್ಲಿ ಸಂಜೆ ಸೂರ್ಯ ಕಣ್ಣಿಗೇ ಹೊಡೆಯುವುದರಿಂದ ವಿಮಾನ ಬರೀ ಕಪ್ಪು ನೆರಳು. ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಎರಡು ರೆಕ್ಕೆಗೂ ಬೇರೆ ಬೇರೆ ಬಣ್ಣ ಬಳಿದು ಪ್ರಯೋಜನವಿಲ್ಲ, ನೆರಳಿಗೆ ಬಣ್ಣವಿರುವುದಿಲ್ಲ. ಸೂರ್ಯನನ್ನು ಒಂದು ಬದಿಗೆ ಬಿಟ್ಟು, ಇನ್ನೊಂದು ಬದಿಯ ಅರ್ಧ ಇಳಿಜಾರಿನಲ್ಲಷ್ಟೇ ಹಾರಿಸಿ.

ಮುರಿಯುವುದೆಲ್ಲ ಇಳಿಸುವಾಗಲೇ. ಇಲ್ಲಿನ ಗುಡ್ಡಗಳ ತಲೆ ಚಪ್ಪಟೆ, ಅಂಚು ಚೂಪು. ಸಮತಟ್ಟು ಹುಲ್ಲು ಕಂಡು ಎಲ್ಲರಿಗೂ ಅಲ್ಲೇ ಇಳಿಸುವ ಆಸೆ. ಅಂಚು ದಾಟಿದ ಗಾಳಿ ಹಿಂದೆ ಸುರುಳಿ ಸುತ್ತಿ ಕೆಳಕ್ಕೆ ಒತ್ತುತ್ತದೆ, ಅದಕ್ಕೆ ರೋಟರ್ ಅನ್ನುತ್ತಾರೆ. ಅದರೊಳಗೆ ಹೊಕ್ಕ ವಿಮಾನ ಕೊನೆಯ ಮೂರು ಮೀಟರು ಕಲ್ಲಿನಂತೆ ಬೀಳುತ್ತದೆ. ಮೊದಲು ಒಂದು ಕೋಲಿಗೆ ರಿಬ್ಬನ್ ಕಟ್ಟಿ ಅಂಚಿನಿಂದ ಹಿಂದಕ್ಕೆ ನಡೆಯಿರಿ. ರಿಬ್ಬನ್ ಎಲ್ಲಿ ಉಲ್ಟಾ ಹಾರುತ್ತದೋ ಅಲ್ಲಿಗೆ ಹೋಗಲೇಬೇಡಿ. ಅಂಚಿಗಿಂತ ಕೆಳಗಿನ ಇಳಿಜಾರಿಗೇ, ಬದಿಯಿಂದ ಬಂದು, ಕೊನೆಗೆ ಮೂಗನ್ನು ಏರಿನತ್ತ ತಿರುಗಿಸಿ ಹುಲ್ಲಿಗೆ ಒರಗಿಸಿ. ಐವತ್ತು ಮೆಟ್ಟಿಲಿನಷ್ಟು ಇಳಿದು ತರಬೇಕು, ಅಷ್ಟೇ.

ಹಸಿವಿಗೆ ಸ್ಟೇಷನ್ ಕಡೆಯ ಒಂದು ಖಾನಾವಳಿ. ಬೋರ್ಡೂ ಇಲ್ಲ, ನಾಲ್ಕೇ ಮೇಜು. ಪಿಠಲೆ-ಭಾಕರಿ ಕೇಳಿ: ನಮ್ಮ ಉತ್ತರ ಕರ್ನಾಟಕದ ಝುಣಕ-ರೊಟ್ಟಿಗೆ ಖಾಸಾ ಬಂಧು, ಪಿಠಲೆ ಸ್ವಲ್ಪ ತೆಳು ಅಷ್ಟೇ. ಕಲ್ಲಲ್ಲಿ ಜಜ್ಜಿದ ಹಸಿಮೆಣಸಿನ ಠೇಚಾ, ಹಸಿ ಈರುಳ್ಳಿ. ರೊಟ್ಟಿ ಮುಗಿದ ಮೇಲೆ ಎದ್ದುಬಿಡಬೇಡಿ, ಅನ್ನ ಬರುವವರೆಗೆ ಕೂತಿರಿ. ಮಾವಳ ತಾಲ್ಲೂಕಿನ ಇಂದ್ರಾಯಣಿ ಅಕ್ಕಿ. ಬಟ್ಟಲು ಮೇಜಿಗೆ ಬರುವ ಮೊದಲೇ ಘಮ ಬರುತ್ತದೆ, ಮೆತ್ತಗೆ ಅಂಟಂಟು, ಮೇಲೆ ಬಿಸಿ ಬೇಳೆ, ಒಂದು ಚಮಚ ತುಪ್ಪ. ಇಬ್ಬರ ಊಟದ ಬಿಲ್ಲು ಟೆಂಟಿನವರ ಒಂದು ತಟ್ಟೆ ಪನೀರಿಗೂ ಸಮವಲ್ಲ. ಒಂದೂವರೆಯ ಮೇಲೆ ಭಾಕರಿ ಖಾಲಿ.

ಆಟೋದವರು ಗುಡ್ಡಕ್ಕೆ ಬಿಡುವ ರೇಟು ಮಾತ್ರ ಹೇಳುತ್ತಾರೆ; ಸಂಜೆ ಅಲ್ಲಿ ನರಪಿಳ್ಳೆ ಸಿಗುವುದಿಲ್ಲ, ವಾಪಸಿನ ಮಾತೂ ಆಗಲೇ ಆಗಲಿ. ವಿಮಾನವೇನಾದರೂ ಕೆಳಗಿನ ಪೊದೆಗೆ ಬಿದ್ದರೆ ತಕ್ಷಣ ಓಡಬೇಡಿ. ನಿಂತಲ್ಲೇ ಕಲ್ಲೊಂದು ಗುರುತಿಟ್ಟು, ಬಿದ್ದ ದಿಕ್ಕಿನಲ್ಲಿ ದೂರದ ಒಂದು ಮರವನ್ನೋ ಮನೆಯನ್ನೋ ನೋಡಿಟ್ಟುಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಒಬ್ಬರು ಮೇಲೇ ನಿಂತು ಕೈಸನ್ನೆ ಮಾಡಲಿ, ಇನ್ನೊಬ್ಬರು ಇಳಿಯಲಿ. ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟು) ಆರಿಸಬೇಡಿ: ಸ್ಟಿಕ್ ಅಲ್ಲಾಡಿಸುತ್ತಿದ್ದರೆ ಹುಲ್ಲಿನೊಳಗೆ ಸರ್ವೋ ಕುಂಯ್‌ಗುಟ್ಟುವುದು ಹತ್ತು ಹೆಜ್ಜೆಯಿಂದ ಕೇಳಿಸುತ್ತದೆ.