ಕರೆಂಟ್ ಹೋದರೆ ಮಾಯವಾಗುವ ಎಕ್ಸ್‌ಟೆನ್ಶನ್

ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್, ಸಣ್ಣಪುಟ್ಟ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೇನೆ. ಗಿರಾಕಿಗಳಲ್ಲಿ ಅಡಿಕೆ ವಖಾರಿಗಳೇ ಜಾಸ್ತಿ. ಅಂಥ ಒಂದು ವಖಾರಿಯ ಕೆಲಸ ಇದು. ಬ್ರೌಸರ್‌ಗೆ ಸ್ವಂತ ಎಕ್ಸ್‌ಟೆನ್ಶನ್ (ಬ್ರೌಸರ್ ಒಳಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಮಾಡಿಸಿಕೊಳ್ಳುವ ಯಾವ ಆಫೀಸಿಗಾದರೂ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಯುವುದು ಬ್ರೌಸರ್‌ನಲ್ಲೇ. ಅದರಲ್ಲಿ ಎಲ್ಲವೂ ಇಂಗ್ಲಿಷ್. ಆದರೆ ಬೆಳೆಗಾರರ ಕೈಗೆ ಕೊಡುವ ಪಟ್ಟಿ ಕನ್ನಡದಲ್ಲೇ ಬೇಕು ಅಂತ ಯಜಮಾನರ ಹಟ. ಅವರ ನೆಂಟರ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನೇ ಒಂದು ಪುಟ್ಟ ಎಕ್ಸ್‌ಟೆನ್ಶನ್ ಬರೆದು ವಾಟ್ಸಾಪ್‌ನಲ್ಲಿ ಜಿಪ್ ಫೈಲ್ ಕಳಿಸಿದ್ದ. ಪೇಜ್ ತೆರೆದ ಕೂಡಲೇ ಅಡಿಕೆ ನಮೂನೆಗಳ ಇಂಗ್ಲಿಷ್ ಹೆಸರುಗಳೆಲ್ಲ ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೋಕಾ ಅಂತ ಬದಲಾಗುತ್ತವೆ. ತೂಕ, ದರ, ಹಮಾಲಿ ಎಲ್ಲ ಕನ್ನಡ ಅಂಕಿಯಲ್ಲಿ ಬರುತ್ತವೆ. ಹುಡುಗ ಕೆಲಸ ಚೆನ್ನಾಗಿಯೇ ಮಾಡಿದ್ದ, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಇದ್ದದ್ದು ಅದನ್ನು ಹಾಕುವುದರಲ್ಲಿ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರ ಡಿಜಿಟಲ್ ಸಹಿ ಇಲ್ಲದ ಎಕ್ಸ್‌ಟೆನ್ಶನ್ನನ್ನು ಮಾಮೂಲಿ ಫೈರ್‌ಫಾಕ್ಸ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ವೆರಿಫೈ ಆಗಿಲ್ಲ ಅಂತ ಹೇಳಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಅದಕ್ಕೆ ಹುಡುಗ ಫೋನಿನಲ್ಲೇ ಒಂದು ಉಪಾಯ ಹೇಳಿಕೊಟ್ಟಿದ್ದ. ಅಡ್ರೆಸ್ ಬಾರ್‌ನಲ್ಲಿ 'ಅಬೌಟ್:ಡೀಬಗಿಂಗ್' ಹೊಡೆಯುವುದು, 'ದಿಸ್ ಫೈರ್‌ಫಾಕ್ಸ್' ಒತ್ತುವುದು, 'ಲೋಡ್ ಟೆಂಪರರಿ ಆಡ್-ಆನ್' ಒತ್ತಿ ಫೈಲ್ ತೋರಿಸುವುದು. ಇದು ಎಕ್ಸ್‌ಟೆನ್ಶನ್ ಬರೆಯುವವರು ಪರೀಕ್ಷೆ ಮಾಡಿಕೊಳ್ಳಲಿ ಅಂತ ಇಟ್ಟಿರುವ ದಾರಿ. ಹೆಸರೇ ಟೆಂಪರರಿ. ಬ್ರೌಸರ್ ಮುಚ್ಚಿದರೆ ಎಕ್ಸ್‌ಟೆನ್ಶನ್ನೂ ಹೋಯಿತು.

ಬೇಸಿಗೆಯಲ್ಲಿ ಹೇಗೋ ನಡೆದಿತ್ತು. ಬೆಳಿಗ್ಗೆ ಒಮ್ಮೆ ಹಾಕಿಕೊಂಡರೆ ಸಂಜೆವರೆಗೆ ಚಿಂತೆ ಇಲ್ಲ. ಮಳೆ ಹಿಡಿದ ಮೇಲೆ ನಮ್ಮ ಕಡೆ ಕರೆಂಟಿನ ಕತೆ ಗೊತ್ತಲ್ಲ. ಯುಪಿಎಸ್ ಬ್ಯಾಟರಿಯೂ ಮುದಿ. ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಆರಿ, ಪಟ್ಟಿ ಮತ್ತೆ ಇಂಗ್ಲಿಷ್ ಆಗಿ ಕೂತಿರುತ್ತಿತ್ತು. ಅಡಿಕೆ ತಂದವರು ಕೌಂಟರ್ ಎದುರು ಕಾಯುತ್ತಿದ್ದಾರೆ, ಗುಮಾಸ್ತರು ಡೀಬಗಿಂಗ್ ಪೇಜ್ ಹುಡುಕುತ್ತಿದ್ದಾರೆ. "ಇದ್ರದ್ದೇ ರಗಳೆ ಆಗೋತು ತಮಾ, ಎಂತಾದ್ರೂ ಮಾಡು" ಅಂತ ಅವರೇ ಫೋನ್ ಮಾಡಿ ಕರೆಸಿದರು.

ಇಂಥಲ್ಲಿ ಎಷ್ಟೋ ಜನ ಹಿಡಿಯುವ ದಾರಿ ಬೇರೆ. ಫೈರ್‌ಫಾಕ್ಸ್‌ನ ಇಎಸ್‌ಆರ್ (ಸಂಸ್ಥೆಗಳಿಗಾಗಿ ಬಿಡುವ, ಹೆಚ್ಚು ಕಾಲ ನಡೆಯುವ ಆವೃತ್ತಿ) ಅಥವಾ ಡೆವಲಪರ್ ಎಡಿಷನ್ ಹಾಕುತ್ತಾರೆ. 'ಅಬೌಟ್:ಕಾನ್ಫಿಗ್' ಅನ್ನುವ ಸೆಟ್ಟಿಂಗ್ ಪೇಜಿಗೆ ಹೋಗಿ 'ಸಿಗ್ನೇಚರ್ಸ್ ರಿಕ್ವೈರ್ಡ್' ಅಂತ ಹುಡುಕಿ, ಟ್ರೂ ಇದ್ದದ್ದನ್ನು ಫಾಲ್ಸ್ ಮಾಡುತ್ತಾರೆ. ಕೆಲಸ ಆಗುತ್ತದೆ. ಮಾಮೂಲಿ ಫೈರ್‌ಫಾಕ್ಸ್‌ನಲ್ಲೂ ಆ ಸಾಲು ಕಾಣುತ್ತದೆ, ಫಾಲ್ಸ್ ಕೂಡ ಆಗುತ್ತದೆ, ಆದರೆ ಬ್ರೌಸರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದು ಗೊತ್ತಿಲ್ಲದೆ ತಲೆ ಕೆಡಿಸಿಕೊಂಡವರನ್ನು ಸುಮಾರು ಜನ ನೋಡಿದ್ದೇನೆ. 2015ರ ಡಿಸೆಂಬರ್‌ನಲ್ಲಿ ಬಂದ 43ನೇ ಆವೃತ್ತಿಯಿಂದ ಸಹಿ ಕಡ್ಡಾಯ. 2016ರ ಆಗಸ್ಟ್‌ನಲ್ಲಿ 48 ಬಂದಾಗ ಫಾಲ್ಸ್ ಮಾಡಿ ತಪ್ಪಿಸಿಕೊಳ್ಳುವ ವಿನಾಯಿತಿಯನ್ನೂ ಮಾಮೂಲಿ ಫೈರ್‌ಫಾಕ್ಸ್‌ನಿಂದ ತೆಗೆದರು. ಆಗಿನ ಸೈಬರ್ ಕೆಫೆಗಳನ್ನು ನೆನಪಿಸಿಕೊಳ್ಳಿ. ಯಾವುದೋ ಸಾಫ್ಟ್‌ವೇರ್ ಜೊತೆ ಸುಮ್ನೆ ಬಂದು ಕೂರುವ ಟೂಲ್‌ಬಾರ್‌ಗಳು, ಹೇಳದೆ ಕೇಳದೆ ಬದಲಾಗುವ ಹೋಮ್‌ಪೇಜ್. ಅದೆಲ್ಲ ಸಾಕಾಗಿ ತಂದ ನಿಯಮ.

ಇಎಸ್‌ಆರ್‌ನಲ್ಲಿ ಫಾಲ್ಸ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಮಗೆ ಬೇಕಾದ ಒಂದು ಎಕ್ಸ್‌ಟೆನ್ಶನ್‌ಗೆ ಮಾತ್ರ ಅಂತ ಅದನ್ನು ತೆರೆಯಲು ಬರುವುದಿಲ್ಲ. ನಾಳೆ ಇನ್ಯಾರೋ ಕಳಿಸಿದ ಫೈಲ್‌ಗೂ ಸಹಿ ಕೇಳುವವರಿಲ್ಲ. ಆ ಕಂಪ್ಯೂಟರ್‌ನಲ್ಲೇ ವಖಾರಿಯ ನೆಟ್ ಬ್ಯಾಂಕಿಂಗ್ ನಡೆಯುತ್ತದೆ, ಅಲ್ವಾ?

ಬ್ಯಾಂಕಿಂಗ್ ನೆನಪಾದದ್ದಕ್ಕೇ ಮೊದಲು ಜಿಪ್ ಬಿಚ್ಚಿ ನೋಡಿದೆ. ಎಕ್ಸ್‌ಟೆನ್ಶನ್ ಅಂದರೆ ಒಂದಷ್ಟು ಫೈಲ್‌ಗಳ ಜಿಪ್, ಅಷ್ಟೇ. ಅದರಲ್ಲಿ 'ಮ್ಯಾನಿಫೆಸ್ಟ್' ಅನ್ನುವ ಫೈಲ್ ಇರುತ್ತದೆ, ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. ಯಾವ ಯಾವ ವೆಬ್‌ಸೈಟ್‌ನಲ್ಲಿ ಇದು ಕೆಲಸ ಮಾಡಬಹುದು ಅಂತ ಅಲ್ಲಿ ಬರೆದಿರುತ್ತದೆ. ಇದರಲ್ಲಿ ಇದ್ದದ್ದು 'ಆಲ್ ಯುಆರ್‌ಎಲ್ಸ್'. ಅಂದರೆ ತೆರೆದ ಪ್ರತಿ ಪೇಜನ್ನೂ ಓದಬಹುದು, ಬದಲಿಸಬಹುದು. ಯಜಮಾನರನ್ನು ಕರೆದು ಆ ಸಾಲು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಪಟ್ಟಿ ಪ್ರಿಂಟ್ ಮಾಡೂದಕ್ಕೆ ಬ್ಯಾಂಕಿನ ಪೇಜ್ ಎಂತಕ್ಕೆ ಬೇಕೋ ತಮಾ?" ಅಂದರು. ಹುಡುಗನಿಗೆ ಕೆಟ್ಟ ಉದ್ದೇಶ ಏನೂ ಇಲ್ಲ. ಪರೀಕ್ಷೆ ಮಾಡುವಾಗ ಎಲ್ಲರೂ ಹೀಗೆ ಬರೆಯುತ್ತಾರೆ, ಆಮೇಲೆ ತೆಗೆಯುವುದು ಮರೆಯುತ್ತಾರೆ. ಅವನಿಗೇ ಫೋನ್ ಮಾಡಿ ಹೇಳಿ, ಅಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್‌ನ ವಿಳಾಸವೊಂದನ್ನೇ ಉಳಿಸಿದೆವು.

ಆಮೇಲೆ ಸಹಿ. ಸಹಿ ಬೇಕೆಂದರೆ ಎಕ್ಸ್‌ಟೆನ್ಶನ್ನನ್ನು ಲೋಕಕ್ಕೆಲ್ಲ ಹಂಚಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಮೊಜಿಲ್ಲಾದ ಆಡ್-ಆನ್ ಸೈಟಿನಲ್ಲಿ ಡೆವಲಪರ್ ಖಾತೆ ತೆರೆದು ಫೈಲ್ ಹಾಕುವಾಗ, ಇಲ್ಲೇ ಪ್ರಕಟಿಸಬೇಕೋ ನೀವೇ ಹಂಚಿಕೊಳ್ಳುತ್ತೀರೋ ಅಂತ ಕೇಳುತ್ತದೆ. ನಾವೇ ಹಂಚಿಕೊಳ್ಳುತ್ತೇವೆ ಅಂದರೆ ಆಯಿತು. ಯಾರ ಹುಡುಕಾಟದಲ್ಲೂ ಅದು ಬರುವುದಿಲ್ಲ. ಶುಲ್ಕ ಇಲ್ಲ. ಯಂತ್ರವೇ ಫೈಲ್ ತಪಾಸಣೆ ಮಾಡಿ, ಸಹಿ ಹಾಕಿದ ಎಕ್ಸ್‌ಪಿಐ ಅನ್ನುವ ಫೈಲ್ ವಾಪಸ್ ಕೊಡುತ್ತದೆ. ಅದನ್ನು ಹಾಕಿಕೊಂಡರೆ ಬ್ರೌಸರ್ ಮುಚ್ಚಿದರೂ ಎಕ್ಸ್‌ಟೆನ್ಶನ್ ಹೋಗುವುದಿಲ್ಲ. ಮ್ಯಾನಿಫೆಸ್ಟ್‌ನಲ್ಲಿ ಒಂದು ಖಾಯಂ ಐಡಿ ಬರೆದಿಡಿ. ಪ್ರತಿ ಸಲ ಹೊಸ ಫೈಲ್ ಹಾಕುವಾಗ ಆವೃತ್ತಿ ಸಂಖ್ಯೆ ಏರಿಸಿ. ಬಳಸುವವರ ಮಾಹಿತಿ ಹೊರಗೆ ಕಳಿಸುತ್ತೀರೋ ಇಲ್ಲವೋ ಅಂತಲೂ ಬರೆಯಬೇಕು. 2025ರ ನವೆಂಬರ್‌ನಿಂದ ಹೊಸ ಎಕ್ಸ್‌ಟೆನ್ಶನ್‌ಗಳಿಗೆ ಇದು ಕಡ್ಡಾಯ.

ಸಹಿ ಇದೆ ಅಂದ ಮಾತ್ರಕ್ಕೆ ಒಳಗಿನ ಮಾಲು ಒಳ್ಳೆಯದು ಅಂತೇನೂ ಅಲ್ಲ. ಅಡಿಕೆ ಚೀಲದ ಬಾಯಿಗೆ ಹಾಕಿದ ಸೀಲ್ ಇದ್ದ ಹಾಗೆ: ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಅನ್ನುವುದು ಗೊತ್ತಾಗುತ್ತದೆ, ಒಳಗಿರುವುದು ರಾಶಿಯೋ ಗೋಟೋ ಅಂತ ಬಿಚ್ಚಿಯೇ ನೋಡಬೇಕು. 'ಆಲ್ ಯುಆರ್‌ಎಲ್ಸ್' ಇದ್ದ ಫೈಲ್‌ಗೂ ಸಹಿ ಸಿಗುತ್ತಿತ್ತು.

ಸಹಿಯ ವ್ಯವಸ್ಥೆಯೇ ಕೈಕೊಟ್ಟದ್ದೂ ಉಂಟು. 2019ರ ಮೇ ಮೊದಲ ವಾರ ಸಹಿ ಪರೀಕ್ಷಿಸಲು ಬಳಸುವ ಮೊಜಿಲ್ಲಾದ ಒಂದು ಸರ್ಟಿಫಿಕೇಟ್ ಅವಧಿ ಮುಗಿದು, ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಎಕ್ಸ್‌ಟೆನ್ಶನ್‌ಗಳು ಒಮ್ಮೆಲೇ ಬಂದ್ ಆಗಿದ್ದವು. ಆಮೇಲೆ 66.0.4 ಬಿಟ್ಟು ಸರಿ ಮಾಡಿದರು. 2025ರ ಮಾರ್ಚ್ 14ಕ್ಕೆ ಇನ್ನೊಂದು ಮೂಲ ಸರ್ಟಿಫಿಕೇಟ್ ಮುಗಿಯಿತು. ಈ ಸಲ ಮುಂಚೆಯೇ ಹೇಳಿದ್ದರು. 128ಕ್ಕಿಂತ ಹಳೆಯ ಫೈರ್‌ಫಾಕ್ಸ್ ಇದ್ದವರು ಅಪ್‌ಡೇಟ್ ಮಾಡಿಕೊಳ್ಳಬೇಕಿತ್ತು. ಇಎಸ್‌ಆರ್ ಆದರೆ 115.13 ಅಥವಾ ಅದರ ನಂತರದ್ದು ಸಾಕು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ವಖಾರಿಯ ತೂಕದ ಕೋಣೆಯಲ್ಲಿ ಇನ್ನೂ ವಿಂಡೋಸ್ 7 ಇದೆ. ಅದಕ್ಕೆ ಫೈರ್‌ಫಾಕ್ಸ್ 115 ಇಎಸ್‌ಆರ್‌ಗಿಂತ ಮುಂದಿನದು ಬರುವುದಿಲ್ಲ. ಹಳೇ ಫೈರ್‌ಫಾಕ್ಸ್ ಮೇಲೆ ಸಹಿ ಹಾಕಿದ ಫೈಲ್ ಹಾಕಿ, ಆಗಲಿಲ್ಲ ಅಂತ ಎಕ್ಸ್‌ಟೆನ್ಶನ್ನನ್ನು ಬೈಯುವ ಬದಲು, ಮೊದಲು ಆ 115ರ ಕೊನೆಯ ಅಪ್‌ಡೇಟ್ ಹಾಕಿಕೊಂಡೆವು.

ಕ್ರೋಮ್‌ನಲ್ಲಿ ಆಗುವುದಿಲ್ವಾ ಅಂತ ಯಜಮಾನರು ಕೇಳಿದರು. ಆಗುತ್ತದೆ. ಡೆವಲಪರ್ ಮೋಡ್ ಹಾಕಿ 'ಲೋಡ್ ಅನ್‌ಪ್ಯಾಕ್ಡ್' ಮಾಡಿದರೆ ಬ್ರೌಸರ್ ಮುಚ್ಚಿದರೂ ಉಳಿಯುತ್ತದೆ. ಆದರೆ ಅದು ನಡೆಯುವುದು ಡಿಸ್ಕ್‌ನಲ್ಲಿರುವ ಫೋಲ್ಡರ್‌ನಿಂದಲೇ. ಯಾರೋ ಡೌನ್‌ಲೋಡ್ಸ್ ಕ್ಲೀನ್ ಮಾಡಿದರೆ ಎಕ್ಸ್‌ಟೆನ್ಶನ್ನೂ ಕ್ಲೀನ್. ಆ ಫೋಲ್ಡರ್‌ನ ಫೈಲ್ ಯಾರು ತಿದ್ದಿದರೂ ಕೇಳುವವರಿಲ್ಲ. ಕ್ರೋಮ್ ಸ್ಟೋರ್‌ನಲ್ಲಿ ಹಾಕಲು ಒಮ್ಮೆ ಐದು ಡಾಲರ್ ಕಟ್ಟಬೇಕು. ಅವರಿಗೆ ಫೈರ್‌ಫಾಕ್ಸೇ ರೂಢಿ, ಅಲ್ಲಿಗೇ ಬಿಟ್ಟೆವು.

ಈಗ ಕುಮಟಾದ ಶಾಖೆಯವರಿಗೂ ಅದೇ ಎಕ್ಸ್‌ಟೆನ್ಶನ್ ಬೇಕಂತೆ. ಗುಮಾಸ್ತರೇ ಎಕ್ಸ್‌ಪಿಐ ಫೈಲನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರು. ಅಲ್ಲಿಯವರು ಆಡ್-ಆನ್ ಪೇಜಿನ ಗೇರ್ ಚಿಹ್ನೆ ಒತ್ತಿ, ಫೈಲ್‌ನಿಂದ ಇನ್‌ಸ್ಟಾಲ್ ಮಾಡಿಕೊಂಡರು. ನಡುವೆ ಯಾರಾದರೂ ಅದರೊಳಗಿನ ಒಂದಕ್ಷರ ತಿದ್ದಿದ್ದರೂ ಫೈರ್‌ಫಾಕ್ಸ್ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಈ ಫೈಲ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಅದಕ್ಕೆ ಬೇರೆ ವಿಳಾಸ ಕೊಟ್ಟು ವ್ಯವಸ್ಥೆ ಮಾಡಬೇಕು. ಎರಡು ಆಫೀಸಿಗೆ ಅಷ್ಟೆಲ್ಲ ಯಾಕೆ ಅಂತ ಸದ್ಯಕ್ಕೆ ಮಾಡಿಲ್ಲ. ಹೊಸ ಆವೃತ್ತಿ ಬಂದರೆ ವಾಟ್ಸಾಪ್‌ನಲ್ಲೇ ಕಳಿಸಿಕೊಳ್ಳುತ್ತಾರೆ.