ಕೆಮ್ಮುವ ಮುನ್ನ ಒಂದು ಕ್ಷಣ

ಮೂತ್ರ ಸೋರುವ ತೊಂದರೆಗೆ ಫಿಸಿಯೋಥೆರಪಿಯಲ್ಲಿ ಚಿಕಿತ್ಸೆ ಇದೆ ಎಂಬುದು ನಲವತ್ತೆಂಟನೆಯ ವಯಸ್ಸಿನವರೆಗೆ ನನಗೆ ಯಾರೂ ಹೇಳಿರಲಿಲ್ಲ. ಫಿಸಿಯೋಥೆರಪಿ ಎಂದರೆ ಮಂಡಿನೋವಿಗೆ, ಸೊಂಟನೋವಿಗೆ, ಲಕ್ವ ಹೊಡೆದವರಿಗೆ ಎಂಬುದೇ ನಮ್ಮ ಕಡೆಯ ತಿಳಿವಳಿಕೆ. ಎರಡನೆಯ ಹೆರಿಗೆಯ ನಂತರ ಶುರುವಾದ ಸೋರಿಕೆ ಮುಟ್ಟು ನಿಲ್ಲುವ ಹೊತ್ತಿಗೆ ಹೆಚ್ಚಾಗಿತ್ತು. ಕೆಮ್ಮಿದರೆ, ಸೀನಿದರೆ, ಮನಬಿಚ್ಚಿ ನಕ್ಕರೆ, ನೀರು ತುಂಬಿದ ಬಕೆಟ್ ಎತ್ತಿದರೆ ಸಾಕು, ಬಟ್ಟೆ ಒದ್ದೆ. ಹುಣಸೂರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಚಾಕ್‌ಪೀಸಿನ ಪುಡಿಯಿಂದ ಕೆಮ್ಮು ಬರುವುದು ದಿನನಿತ್ಯದ ಮಾತು. ಮೊದಲು ತೋರಿಸಿಕೊಂಡ ವೈದ್ಯರು, “ಎರಡು ಹೆರಿಗೆ ಆದವರಿಗೆ ಇದೆಲ್ಲ ಇದ್ದದ್ದೇ ಅಮ್ಮ” ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಹಲವರಿಗೆ ಇದೆ ಎಂಬುದು ನಿಜ. ಹಲವರಿಗೆ ಇರುವುದರಿಂದಲೇ ಅದನ್ನು ಸಹಿಸಿಕೊಂಡು ಇರಬೇಕು ಎನ್ನುವುದನ್ನು ನಾನು ಈಗ ಒಪ್ಪುವುದಿಲ್ಲ.

ಮೈಸೂರಿನಲ್ಲಿ ಸಿಕ್ಕ ಇನ್ನೊಬ್ಬ ವೈದ್ಯೆ ಮೂತ್ರದ ಸೋಂಕು ಇಲ್ಲವೆಂದು ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡರು, ಮೂತ್ರಕೋಶ ತುಂಬಿರುವಾಗ ಕೆಮ್ಮಿಸಿ ನೋಡಿದರು, ಗರ್ಭಕೋಶ ಜಾರಿಲ್ಲವೆಂದು ತಿಳಿಸಿದರು, ಆಮೇಲೆ ಫಿಸಿಯೋಥೆರಪಿ ವಿಭಾಗಕ್ಕೆ ಚೀಟಿ ಬರೆದರು. ಆಪರೇಷನ್ ಬೇಕಾಗುತ್ತದೆಯೇ ಎಂದು ಕೇಳಿದ್ದಕ್ಕೆ, “ಮೊದಲು ಮೂರು ತಿಂಗಳು ಕಲಿಸುವವರ ಕೈಕೆಳಗೆ ಸರಿಯಾಗಿ ವ್ಯಾಯಾಮ ಮಾಡಿ, ಆ ಮಾತು ಆಮೇಲೆ” ಎಂದರು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2019ರಲ್ಲಿ ಹೊರತಂದ ಸೂಚನೆಯೂ ಇದನ್ನೇ ಹೇಳುತ್ತದೆ ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ತರಬೇತಿಯುಳ್ಳವರ ನಿಗಾದಲ್ಲಿ ಕನಿಷ್ಠ ಮೂರು ತಿಂಗಳ ಪೆಲ್ವಿಕ್ ಫ್ಲೋರ್ ವ್ಯಾಯಾಮ, ಅಂದರೆ ಕಟಿಯ ತಳಭಾಗದ ಸ್ನಾಯುಗಳ ವ್ಯಾಯಾಮ, ಮೊದಲ ಚಿಕಿತ್ಸೆ. ಪ್ರತಿ ಸಲ ಎಂಟು ಬಾರಿಯಾದರೂ ಸ್ನಾಯುಗಳನ್ನು ಬಿಗಿಹಿಡಿಯಬೇಕು, ದಿನಕ್ಕೆ ಮೂರು ಸಲ.

ಆ ಮಧ್ಯಾಹ್ನ ನನ್ನನ್ನು ಒಳಗೆ ಕರೆದ ಫಿಸಿಯೋಥೆರಪಿಸ್ಟ್ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ನಾನು ಶಿಕ್ಷಕಿ ಎಂದು ತಿಳಿದ ಕೂಡಲೇ “ಟೀಚರ್” ಎಂದೇ ಮಾತನಾಡಿಸತೊಡಗಿದರು. ಬಾಗಿಲು ಹಾಕಿ, ಪರದೆ ಎಳೆದು, ಮಂಚದ ಬಳಿ ಮಹಿಳಾ ಸಹಾಯಕಿಯೊಬ್ಬರನ್ನು ನಿಲ್ಲಿಸಿಕೊಂಡರೂ ತಕ್ಷಣ ಪರೀಕ್ಷೆಗೆ ಇಳಿಯಲಿಲ್ಲ. ಎಷ್ಟು ನೀರು ಕುಡಿಯುತ್ತೀರಿ, ಕಾಫಿ ಎಷ್ಟು, ಮಲಬದ್ಧತೆ ಇದೆಯೇ, ಹೆರಿಗೆಯಲ್ಲಿ ಹೊಲಿಗೆ ಬಿದ್ದಿತ್ತೇ, ಸೋರುವುದು ಕೆಮ್ಮಿದಾಗ ಮಾತ್ರವೇ ಅಥವಾ ಅವಸರವಾಗಿ ಓಡುವಾಗಲೂ ಆಗುತ್ತದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಶಾಲೆಯಲ್ಲಿ ಶೌಚಾಲಯದ ಅನುಕೂಲ ಕಡಿಮೆ ಎಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟದೆ ಇರುವ ಶಿಕ್ಷಕಿಯರ ವಿಷಯ ಬಂದಾಗ ಅವರು ಪೆನ್ನು ಕೆಳಗಿಟ್ಟರು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗುತ್ತದೆ, ಮುಕ್ಕರಿಯುವಾಗ ಮೊದಲೇ ಸೋತಿರುವ ಸ್ನಾಯುಗಳ ಮೇಲೆ ಇನ್ನಷ್ಟು ಒತ್ತಡ ಬೀಳುತ್ತದೆ ಎಂದು ವಿವರಿಸಿದರು.

ಆಮೇಲೆ ಮೇಜಿನ ಮೇಲಿದ್ದ ಕಟಿ ಎಲುಬಿನ ಮಾದರಿಯನ್ನು ನನ್ನ ಕಡೆ ತಿರುಗಿಸಿದರು. ಮುಂದಿನ ಎಲುಬಿನಿಂದ ಹಿಂದೆ ಬಾಲದೆಲುಬಿನವರೆಗೆ ಹರಡಿಕೊಂಡ ಸ್ನಾಯುಗಳ ಹಾಸೊಂದು ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಕೆಳಗಿನಿಂದ ಹೊತ್ತುಕೊಂಡಿದೆ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಮೂತ್ರಕೋಶವನ್ನು ಅದುಮುತ್ತದೆ, ಅದೇ ಒತ್ತಡ ಮೂತ್ರ ಹೊರಬರುವ ನಾಳವನ್ನು ಅದರ ಹಿಂಬದಿಯ ಆಸರೆಗೆ ಒತ್ತಿ ಮುಚ್ಚಬೇಕು. ಆಸರೆ ಸಡಿಲವಾಗಿದ್ದರೆ ನಾಳ ಪೂರ್ತಿ ಮುಚ್ಚುವುದಿಲ್ಲ. ಇದನ್ನು ಹೇಳಲು ಅವರು ಕೊಟ್ಟ ಹೋಲಿಕೆ ನನಗೆ ತುಂಬ ಹಿಡಿಸಿತು: ಗಿಡಗಳಿಗೆ ನೀರು ಬಿಡುವ ಪೈಪನ್ನು ಗಟ್ಟಿ ನೆಲದ ಮೇಲೆ ತುಳಿದರೆ ನೀರು ನಿಲ್ಲುತ್ತದೆ, ಕೆಸರಿನ ಮೇಲೆ ತುಳಿದರೆ ಪೈಪು ಹೂತುಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಅಮೆರಿಕದ ಜಾನ್ ಡಿಲಾನ್ಸಿ ಎಂಬ ವೈದ್ಯರು 1994ರಲ್ಲಿ ಮಂಡಿಸಿದ ವಿವರಣೆಯ ತಿರುಳು ಇದು. ಮಕ್ಕಳಿಗೆ ಒತ್ತಡದ ಪಾಠ ಮಾಡುತ್ತಲೇ ಇದ್ದ ನನಗೆ ನನ್ನ ದೇಹದೊಳಗಿನ ಒತ್ತಡದ ಲೆಕ್ಕ ಅಂದು ಮೊದಲ ಸಲ ಅರ್ಥವಾಯಿತು. ಅರ್ಥವಾದ ಮೇಲೆ ನಾಚಿಕೆಯ ಭಾರವೂ ಬಹುಮಟ್ಟಿಗೆ ಇಳಿಯಿತು.

ಪರೀಕ್ಷೆ ಹೇಗಿರುತ್ತದೆ ಎಂಬ ಹೆದರಿಕೆಯಿಂದಲೇ ಅನೇಕರು ಹಿಂದೆ ಸರಿಯುತ್ತಾರೆ, ಆದ್ದರಿಂದ ಅದನ್ನು ಮುಚ್ಚಿಡದೆ ಬರೆಯುತ್ತೇನೆ. ಏನು ಮಾಡುತ್ತೇನೆ, ಏಕೆ ಮಾಡುತ್ತೇನೆ ಎಂದು ಮೊದಲೇ ಹೇಳಿ, ಬೇಡವೆನಿಸಿದರೆ ಯಾವ ಹಂತದಲ್ಲಾದರೂ ನಿಲ್ಲಿಸಬಹುದೆಂದು ತಿಳಿಸಿ, ನನ್ನ ಒಪ್ಪಿಗೆ ಪಡೆದರು. ಮಂಡಿ ಮಡಿಸಿ ಮಲಗಿಸಿ, ಮೇಲೆ ಹೊದಿಕೆ ಹೊದಿಸಿ, ಕೈಗವಸು ತೊಟ್ಟ ಬೆರಳನ್ನು ಯೋನಿಯೊಳಗೆ ಇಟ್ಟು ಸ್ನಾಯುಗಳನ್ನು ಬಿಗಿಹಿಡಿಯಲು ಹೇಳಿದರು. “ಹೂಸು ತಡೆಯುವ ಹಾಗೆ ಹಿಂದಿನಿಂದ ಶುರುಮಾಡಿ, ಮೂತ್ರ ತಡೆಯುವ ಹಾಗೆ ಮುಂದಕ್ಕೆ ತನ್ನಿ, ಈಗ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ ಟೀಚರ್. ಉಸಿರು ಕಟ್ಟಬೇಡಿ, ತೊಡೆ ಸಡಿಲವಾಗಿರಲಿ.” ಅವರ ಇನ್ನೊಂದು ಕೈ ನನ್ನ ಹೊಟ್ಟೆಯ ಮೇಲಿತ್ತು, ಹೊಟ್ಟೆ ಅಥವಾ ಪೃಷ್ಠ ಬಿಗಿಯಾದ ಕೂಡಲೇ ಮೃದುವಾಗಿ ತಿಳಿಸುತ್ತಿದ್ದರು. ಸೊನ್ನೆಯಿಂದ ಐದರವರೆಗಿನ ಆಕ್ಸ್‌ಫರ್ಡ್ ಅಳತೆಯಲ್ಲಿ ನನ್ನ ಬಲ ಎರಡು ಎಂದು ಬರೆದುಕೊಂಡರು. ಸ್ನಾಯು ಕೆಲಸ ಮಾಡುತ್ತಿದೆ, ಆದರೆ ದುರ್ಬಲವಾಗಿದೆ, ಬೇಗ ದಣಿಯುತ್ತದೆ. ಎಷ್ಟು ಹೊತ್ತು ಹಿಡಿಯಬಲ್ಲೆ, ಎಷ್ಟು ಸಲ ಹಿಡಿಯಬಲ್ಲೆ, ಚುರುಕಾಗಿ ಬಿಗಿದು ಬಿಡಲು ಬರುತ್ತದೆಯೇ ಎಂಬುದನ್ನೆಲ್ಲ ನೋಡಿಯೇ ನನಗೆ ವ್ಯಾಯಾಮದ ಪ್ರಮಾಣ ನಿಗದಿಯಾಯಿತು. ಪ್ರತಿ ಬಿಗಿತದ ನಂತರ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕೆಂಬುದನ್ನು ಅವರು ಮತ್ತೆ ಮತ್ತೆ ಒತ್ತಿಹೇಳಿದರು.

ಈ ಕೈಪರೀಕ್ಷೆಯೇ ಇಡೀ ಚಿಕಿತ್ಸೆಯ ಜೀವಾಳವೆಂದು ನಾನು ನಂಬುತ್ತೇನೆ. ಕಣ್ಣಿಗೆ ಕಾಣದ ಸ್ನಾಯುವನ್ನು ಬರಹ ಓದಿ ಹುಡುಕಿಕೊಳ್ಳುವುದು ಸುಲಭವಲ್ಲ. 1991ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ 47 ಮಹಿಳೆಯರಿಗೆ ಬಾಯಿಮಾತಿನಲ್ಲಿ ಮಾತ್ರ ಹೇಳಿಕೊಟ್ಟಾಗ ಸರಿಯಾಗಿ ಮಾಡಿದವರು ಅರ್ಧದಷ್ಟು, ಸುಮಾರು ಕಾಲು ಭಾಗದವರು ಸೋರಿಕೆಯನ್ನೇ ಹೆಚ್ಚಿಸಬಲ್ಲ ರೀತಿಯಲ್ಲಿ ಮಾಡಿದ್ದರು. ಮೇಲಕ್ಕೆ ಎಳೆಯಬೇಕಾದಲ್ಲಿ ಕೆಳಕ್ಕೆ ಮುಕ್ಕರಿದರೆ ಆಗುವುದು ಹಾನಿಯೇ. ಈ ವ್ಯಾಯಾಮಕ್ಕೆ ಹೆಸರು ತಂದ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಅದನ್ನು ಪ್ರಕಟಿಸಿದಾಗಲೂ ಒತ್ತಡ ಅಳೆಯುವ ಸಾಧನವೊಂದನ್ನು ಜೊತೆಗಿಟ್ಟುಕೊಂಡಿದ್ದರು. ಯೋಗ ತರಗತಿಯಲ್ಲಿ ಕಲಿತ ಅಶ್ವಿನಿ ಮುದ್ರೆ ಸಾಕಾಗುವುದಿಲ್ಲವೇ ಎಂದು ನಾನು ಕೇಳಿದೆ. ಅದರಲ್ಲಿ ಗುದದ್ವಾರದ ಸುತ್ತಲಿನ ಸ್ನಾಯುವಿಗೇ ಒತ್ತು ಹೆಚ್ಚು, ಮುಂಭಾಗವೂ ಮೇಲೇಳುತ್ತಿದೆಯೇ ಎಂದು ಪರೀಕ್ಷಿಸಿಕೊಂಡು ಮುಂದುವರಿಸಿ ಎಂದರು. ಮೂತ್ರ ಮಾಡುವಾಗ ನಡುವೆ ತಡೆಹಿಡಿದು ಅಭ್ಯಾಸ ಮಾಡಬಾರದು, ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು ಎಂಬ ಎಚ್ಚರಿಕೆಯನ್ನೂ ಕೊಟ್ಟರು.

ನಮ್ಮವರಿಗೆ ಫಿಸಿಯೋಥೆರಪಿ ಎಂದರೆ ಕರೆಂಟ್ ಕೊಡುವುದು. ನನಗೂ ಆ ಯಂತ್ರ ಇಟ್ಟರೆ ಬೇಗ ವಾಸಿಯಾಗುತ್ತದೆಯೇ ಎಂದು ಕೇಳಿದಾಗ ಅವರು ಸಮಾಧಾನದಿಂದ ವಿವರಿಸಿದರು. ಸ್ನಾಯುವನ್ನು ತಾವಾಗಿ ಬಿಗಿಹಿಡಿಯಲು ಬಾರದವರಿಗೆ ವಿದ್ಯುತ್ ಪ್ರಚೋದನೆ ನೆರವಾಗಬಹುದು. ಬಿಗಿಹಿಡಿಯಬಲ್ಲ ಎಲ್ಲರಿಗೂ ಅದು ಬೇಕಿಲ್ಲ. ಪರದೆಯ ಮೇಲೆ ಗೆರೆ ಮೂಡಿಸಿ ಬಿಗಿತವನ್ನು ತೋರಿಸುವ ಬಯೋಫೀಡ್‌ಬ್ಯಾಕ್ ಕೆಲವರಿಗೆ ಕಲಿಕೆಯಲ್ಲಿ ಹುರುಪು ತರುತ್ತದೆ, ಆದರೆ ಬ್ರಿಟನ್ನಿನಲ್ಲಿ 600 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷಗಳ ನಂತರ ನೋಡಿದಾಗ, ಬರಿಯ ವ್ಯಾಯಾಮಕ್ಕಿಂತ ಅದು ಹೆಚ್ಚಿನ ಫಲ ಕೊಟ್ಟಿರಲಿಲ್ಲ. ವ್ಯಾಯಾಮದ ಫಲವಾದರೋ ಸ್ಪಷ್ಟವಾಗಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆಯ ಪ್ರಕಾರ ನನ್ನಂಥ ತೊಂದರೆಯವರಲ್ಲಿ, ವ್ಯಾಯಾಮ ಮಾಡಿದ ನೂರು ಮಂದಿಯಲ್ಲಿ 56 ಮಂದಿ ವಾಸಿಯಾಯಿತೆಂದು ಹೇಳಿದರೆ, ಚಿಕಿತ್ಸೆಯಿಲ್ಲದ ಅಥವಾ ನೆಪಮಾತ್ರದ ಚಿಕಿತ್ಸೆ ಪಡೆದ ಗುಂಪಿನಲ್ಲಿ ಹಾಗೆ ಹೇಳಿದವರು ಆರು ಮಂದಿ.

ಮಂಚದಿಂದ ಇಳಿದ ಮೇಲೆ ಕಲಿಸಿದ್ದು ನನಗೆ ಎಲ್ಲಕ್ಕಿಂತ ಬೇಗ ಉಪಯೋಗಕ್ಕೆ ಬಂತು. ಕೆಮ್ಮು ಬರುತ್ತಿದೆ ಎನ್ನಿಸಿದ ಕ್ಷಣದಲ್ಲೇ, ಕೆಮ್ಮುವುದಕ್ಕೆ ಮೊದಲು, ಆ ಸ್ನಾಯುಗಳನ್ನು ಬಿಗಿಹಿಡಿದು, ಕೆಮ್ಮು ಮುಗಿಯುವವರೆಗೆ ಹಾಗೆಯೇ ಇರಬೇಕು. ಸೀನಿಗೂ, ಬಕೆಟ್ ಎತ್ತುವುದಕ್ಕೂ ಇದೇ ಕ್ರಮ. ಎತ್ತುವಾಗ ಉಸಿರು ಹೊರಗೆ ಬಿಡಬೇಕು. ನಿಲ್ಲಿಸಿ, ಕೆಮ್ಮಿಸಿ, ಕುರ್ಚಿಯಿಂದ ಎಬ್ಬಿಸಿ ಅಭ್ಯಾಸ ಮಾಡಿಸಿದರು. ಒಂದು ವಾರ ಈ ಉಪಾಯ ಕಲಿತವರಲ್ಲೇ ಕೆಮ್ಮಿನ ಸೋರಿಕೆ ಗಣನೀಯವಾಗಿ ತಗ್ಗಿದ್ದನ್ನು 1998ರ ಅಧ್ಯಯನವೊಂದು ದಾಖಲಿಸಿದೆ. ಇಲ್ಲಿ ಬೇಕಾದದ್ದು ಬಲಕ್ಕಿಂತ ಸಮಯದ ಅರಿವು.

ಮುಂದಿನ ಭೇಟಿಗಳಲ್ಲಿ ಮಲಗಿ ಮಾಡುತ್ತಿದ್ದುದನ್ನು ಕುಳಿತು, ಆಮೇಲೆ ನಿಂತು ಮಾಡುವುದಕ್ಕೆ ಬಡ್ತಿ ಸಿಕ್ಕಿತು. ಬಿಗಿಹಿಡಿಯುವ ಅವಧಿ ನಿಧಾನವಾಗಿ ಏರಿತು. ಶಾಲೆಯ ಪ್ರಾರ್ಥನೆಗೆ ಮುಂಚೆ, ಮಧ್ಯಾಹ್ನದ ಊಟದ ನಂತರ, ರಾತ್ರಿ ಮಲಗುವ ಮುನ್ನ ಎಂದು ಹೊತ್ತು ಗೊತ್ತು ಮಾಡಿಕೊಂಡಿದ್ದರಿಂದ ತಪ್ಪಿಸುವ ಪ್ರಸಂಗ ಬರಲಿಲ್ಲ. ಮೊದಲ ಕೆಲವು ವಾರ ದೊಡ್ಡ ಬದಲಾವಣೆ ಕಾಣುವುದಿಲ್ಲ. ಅನೇಕರು ಬಿಟ್ಟುಬಿಡುವುದು ಆಗಲೇ ಎಂದು ಅವರು ಮೊದಲೇ ಹೇಳಿದ್ದು ನನ್ನನ್ನು ಉಳಿಸಿತು. ಮೂರು ತಿಂಗಳಾಗುವ ಹೊತ್ತಿಗೆ ಕೆಮ್ಮಿದರೂ ಸೀನಿದರೂ ಬಟ್ಟೆ ಒಣಗಿಯೇ ಇರುತ್ತಿತ್ತು. ಬಲದ ಅಳತೆ ನಾಲ್ಕಕ್ಕೆ ಏರಿತ್ತು. ಕ್ರೀಡಾದಿನಾಚರಣೆಯಲ್ಲಿ ಮಕ್ಕಳ ಜೊತೆ ಓಡಿದರೆ ಇನ್ನೂ ಸ್ವಲ್ಪ ಸೋರುವುದುಂಟು. ಅದಕ್ಕಾಗಿ ಈಗ ನೆಗೆಯುವಾಗ, ಮೆಟ್ಟಿಲು ಇಳಿಯುವಾಗ ಬಿಗಿಹಿಡಿಯುವ ಅಭ್ಯಾಸ ನಡೆದಿದೆ. ಬಿಟ್ಟರೆ ಬಲ ಮತ್ತೆ ಇಳಿಯುವುದರಿಂದ ದಿನದ ವ್ಯಾಯಾಮ ಮುಂದುವರಿಯುತ್ತದೆ.

ನನ್ನ ಅಮ್ಮನಿಗೆ ಎಪ್ಪತ್ತೆರಡು. ನಂಜನಗೂಡಿನ ತೇರಿಗೆ ಹೋಗುವುದನ್ನು ಅವರು ಬಿಟ್ಟು ಬಹಳ ವರ್ಷಗಳಾದವು, ಕಾಲುನೋವು ಎಂದು ನಾವೆಲ್ಲ ನಂಬಿದ್ದೆವು. ನನ್ನ ಚಿಕಿತ್ಸೆಯ ವಿಷಯ ಹೇಳಿದ ದಿನ ಅವರು ನಿಜ ಕಾರಣ ಹೇಳಿದರು. ಅವರಿಗೆ ಕೆಮ್ಮಿದಾಗ ಸೋರುವುದರ ಜೊತೆಗೆ ಅವಸರವೂ ಇದೆ, ಬಚ್ಚಲು ಮುಟ್ಟುವ ಮೊದಲೇ ಆಗಿಬಿಡುತ್ತದೆ. ವಯಸ್ಸು ಅಡ್ಡಿಯಲ್ಲ, ಆದರೆ ಮೊದಲು ವೈದ್ಯರು ನೋಡಬೇಕು, ಇಂಥವರಿಗೆ ವ್ಯಾಯಾಮದ ಜೊತೆಗೆ ಮೂತ್ರಕ್ಕೆ ಹೋಗುವ ಅಂತರವನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ತರಬೇತಿಯೂ ಬೇಕು ಎಂದು ಫಿಸಿಯೋಥೆರಪಿಸ್ಟ್ ತಿಳಿಸಿದ್ದಾರೆ. ಅಮ್ಮ ಮೂರು ದಿನದ ಮೂತ್ರದ ದಿನಚರಿಯನ್ನು ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ತಾವೇ ಬರೆದಿಟ್ಟಿದ್ದಾರೆ. ಮುಂದಿನ ವಾರ ತಮ್ಮ ಕಾರು ತರುತ್ತಾನೆ, ದಾರಿಯಲ್ಲಿ ಬಿಳಿಕೆರೆಯ ಬಳಿ ಒಮ್ಮೆ ನಿಲ್ಲಿಸುವುದೆಂದು ಈಗಲೇ ಮಾತಾಗಿದೆ.